ತೊಣ್ಣೂರಿನಿಂದ ಯದುಗಿರಿಗೆ: ಒಂದು ಕಾಲ್ನಡೆಯ ಸೀಮೆ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ, ದಕ್ಷಿಣದ ಗದ್ದೆಬಯಲಿನಿಂದ ಮೊದಲುಗೊಂಡು ಉತ್ತರದ ಕಲ್ಲುಬೆಟ್ಟಗಳವರೆಗೆ ಮೆಲ್ಲಮೆಲ್ಲನೆ ಏರುತ್ತ ಹೋಗುವ ಒಂದು ಸೀಮೆಯುಂಟು. ಅದರ ನಡುವೆ ತೊಣ್ಣೂರಿನ ಕೆರೆ. ಅದರ ನೆತ್ತಿಯಲ್ಲಿ ಯದುಗಿರಿಯೆಂಬ ಹೆಸರೂ ಉಳ್ಳ ಮೇಲುಕೋಟೆ. ಎರಡೂ ಪ್ರಸಿದ್ಧ ಸ್ಥಳಗಳೇ. ಮೋಟಾರಿನಲ್ಲಿ ಬರುವವರಿಗೆ ಎರಡನ್ನೂ ನೋಡಿ ಹೊತ್ತು ಮುಳುಗುವುದರೊಳಗೆ ಊರು ಸೇರುವುದು ಕಷ್ಟವೇನಲ್ಲ. ಆದರೆ ಇವುಗಳ ನಡುವಣ ನೆಲವನ್ನು ತನ್ನ ಕಾಲಿನಿಂದ ಅಳೆದು ದಾಟಿದವನಿಗಲ್ಲದೆ, ಕೆರೆಯೂ ಬೆಟ್ಟವೂ ಗದ್ದೆಯೂ ಗುಡಿಯೂ ಕೂಡಿ ಇಲ್ಲಿ ಒಂದೇ ಕಥೆಯನ್ನು ಹೇಳುತ್ತಿವೆಯೆಂಬ ಅರಿವು ಮೂಡುವುದು ದುರ್ಲಭ. ಆ ಕಥೆ ನೀರಿನದು. ನೀರನ್ನು ಹಿಡಿದು ನಿಲ್ಲಿಸಲು ಮನುಷ್ಯರು ತಲೆಮಾರು ತಲೆಮಾರುಗಳಿಂದ ಪಟ್ಟ ಶ್ರಮದ್ದು.

ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಕೂಡಿದ ಸ್ನೇಹವನ್ನು ತಲೆ ನರೆಯುವವರೆಗೂ ಉಳಿಸಿಕೊಂಡು ಬಂದ ನಾವು ಕೆಲವು ಮಂದಿ, ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಪಾಂಡವಪುರದ ರೈಲ್ವೆ ನಿಲ್ದಾಣದಲ್ಲಿ ಇಳಿದು, ಭಾನುವಾರದ ಸಾಯಂಕಾಲದ ಹೊತ್ತಿಗೆ ಮೇಲುಕೋಟೆಯನ್ನು ನಡೆದೇ ಸೇರುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ನಮ್ಮಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರು, ಒಬ್ಬರು ವಕೀಲರು, ಒಬ್ಬರು ಔಷಧದ ಅಂಗಡಿಯವರು. ಇನ್ನೊಬ್ಬರು ನೀರಾವರಿ ಇಲಾಖೆಯಲ್ಲಿ ದುಡಿದು ವಿಶ್ರಾಂತರಾದವರು. ವರ್ಷದ ಮಿಕ್ಕ ದಿನಗಳಲ್ಲಿ ಮದುವೆಯ ಮನೆಯಲ್ಲೋ ಆಸ್ಪತ್ರೆಯ ಬಾಗಿಲಲ್ಲೋ ನಾಲ್ಕು ಮಾತನಾಡಿ ಅಗಲುವ ನಮಗೆ, ಮಾತಿಗೂ ಮೌನಕ್ಕೂ ಸಮನಾದ ಅವಕಾಶವಿರುವ ಈ ಎರಡು ದಿನಗಳು ಅತ್ಯಂತ ಪ್ರಿಯವಾದವು.

ನಿಲ್ದಾಣದಿಂದ ಹೊರಟು ಪೇಟೆಯನ್ನು ದಾಟುವಾಗ, ಪಾಂಡವರು ವನವಾಸದಲ್ಲಿ ತಂಗಿದ್ದರೆಂದು ಐತಿಹ್ಯವಿರುವ ಕುಂತಿಬೆಟ್ಟದ ಹೆಬ್ಬಂಡೆಗಳು ಬಹುದೂರದವರೆಗೂ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಹಿರೋಡೆಯೆಂಬುದು ಈ ಊರಿನ ಹಳೆಯ ಹೆಸರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದ ಕಾರಣದಿಂದ ಆಂಗ್ಲರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಪೇಟೆಯ ಆಚೆಗೆ ನಾಲೆಯ ಸೀಮೆ. ಕನ್ನಂಬಾಡಿಯ ಅಣೆಕಟ್ಟಿನಿಂದ ಹೊರಟ, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆಯು 1930ರ ದಶಕದಲ್ಲಿ ಹರಿಯತೊಡಗುವುದಕ್ಕೆ ಮುಂಚೆ, ರಾಗಿ ಹುರುಳಿಗಳನ್ನು ಮಳೆಯ ಕೃಪೆಯಿಂದ ಬೆಳೆಯುತ್ತಿದ್ದ ಹೊಲಗಳು ಇಂದು ಭತ್ತದ ಗದ್ದೆಗಳಾಗಿವೆ, ಕಬ್ಬಿನ ತೋಟಗಳಾಗಿವೆ. ನಮ್ಮ ನೀರಾವರಿಯ ಮಿತ್ರರು ತೂಬು ಕಂಡಲ್ಲೆಲ್ಲ ನಿಂತು, ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ಸರದಿಯನ್ನು ನಡೆಸುವುದು ಎಷ್ಟು ನಾಜೂಕಿನ ಕೆಲಸವೆಂಬುದನ್ನು ವಿವರಿಸುತ್ತಾರೆ. ಪ್ರತಿವರ್ಷವೂ ಕೇಳಿದ ವಿವರವಾದರೂ, ಎದುರಿಗೆ ನೀರು ಹರಿಯುತ್ತಿರುವಾಗ ಅದು ಹಳತೆನಿಸುವುದಿಲ್ಲ.

ಈ ದಾರಿಯ ಆಲೆಮನೆಗಳಲ್ಲಿ ಒಂದರ ಮುಂದೆ ನಿಲ್ಲದೆ ಹೋಗುವುದು ನಮ್ಮಿಂದಾಗದು. ಗಾಣ ಗಡಗಡಿಸುತ್ತಿರುತ್ತದೆ, ಒಣಗಿದ ಕಬ್ಬಿನ ಸಿಪ್ಪೆಯನ್ನು ಒಬ್ಬನು ತೆಕ್ಕೆ ತೆಕ್ಕೆಯಾಗಿ ಒಲೆಯ ಬಾಯಿಗೆ ನೂಕುತ್ತಿರುತ್ತಾನೆ, ಅಗಲವಾದ ಕೊಪ್ಪರಿಗೆಯಲ್ಲಿ ರಸವು ಹಸುರುಗಪ್ಪಿನಿಂದ ಹೊಂಬಣ್ಣಕ್ಕೆ, ಹೊಂಬಣ್ಣದಿಂದ ಕೆಂಬಣ್ಣಕ್ಕೆ ತಿರುಗುತ್ತ ಉಕ್ಕುತ್ತಿರುತ್ತದೆ. ಪಾಕದ ಮೇಲೆ ನಿಗಾ ಇಟ್ಟಿರುವ ಹಿರಿಯನು ನೊರೆಯನ್ನು ತೆಗೆದುಹಾಕಿ, ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಅದನ್ನು ಬೆರಳುಗಳ ನಡುವೆ ಉರುಳಿಸಿ ಹದವನ್ನು ನಿರ್ಣಯಿಸುತ್ತಾನೆ. ಆ ಬೆರಳುಗಳ ತೀರ್ಮಾನವಾಗುವವರೆಗೆ ಅಲ್ಲಿ ಯಾರೂ ಕೊಪ್ಪರಿಗೆಯನ್ನು ಇಳಿಸುವುದಿಲ್ಲ. “ಹಾಲು ಕುಡ್ಕೊಂಡು ಓಗಿ ಸ್ವಾಮಿ, ಬಿಸ್ಲು ಏರ್ತಾ ಐತೆ” ಎಂದು ಅವರು ಕರೆದು ಕೊಡುವ ಕಬ್ಬಿನ ಹಾಲಿಗೆ ಹಣ ಕೊಡಹೋದರೆ ಒಪ್ಪುವುದಿಲ್ಲ. ಒಂದೆರಡು ಅಚ್ಚು ಬೆಲ್ಲವನ್ನು ಕೊಂಡು ಋಣ ತೀರಿಸಿಕೊಳ್ಳುವುದೇ ಅಲ್ಲಿನ ಮರ್ಯಾದೆ.

ಅಪರಾಹ್ನದಲ್ಲಿ ತೊಣ್ಣೂರು. ಎರಡು ಕಲ್ಲುಗುಡ್ಡಗಳ ನಡುವಣ ಕಂಡಿಗೆ ಏರಿಯನ್ನು ಕಟ್ಟಿ, ಬೆಟ್ಟಗಳಿಂದಿಳಿಯುವ ಹಳ್ಳಗಳ ನೀರನ್ನು ತಡೆದು ನಿಲ್ಲಿಸಿದ ಈ ಕೆರೆಯ ರಚನೆಯನ್ನು ಸಂಪ್ರದಾಯವು ರಾಮಾನುಜಾಚಾರ್ಯರ ಕಾಲಕ್ಕೆ ಸೇರಿಸುತ್ತದೆ. ಅವರಿಟ್ಟ ಹೆಸರು ತಿರುಮಲಸಾಗರವೆಂದು ಪ್ರತೀತಿ. 1746ರಲ್ಲಿ ಈ ಕಡೆಗೆ ಬಂದ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗನು ಇದರ ನಿರ್ಮಲವಾದ ನೀರನ್ನು ಕಂಡು ಮೋತಿ ತಲಾಬ್ ಎಂದು ಕರೆದನು. ಏರಿಯ ಕಲ್ಲಿನ ಮೇಲೆ ಕುಳಿತು ದಡದ ನೀರನ್ನು ನೋಡಿದರೆ, ತಳದ ನೊರಜುಗಲ್ಲುಗಳನ್ನು ಒಂದೊಂದಾಗಿ ಎಣಿಸಬಹುದೆಂಬಷ್ಟು ತಿಳಿಯಾಗಿ ಅದು ಇಂದಿಗೂ ಕಾಣುವ ದಿನಗಳುಂಟು. 1799ರ ಯುದ್ಧಕಾಲದಲ್ಲಿ, ಶತ್ರುಸೈನ್ಯಕ್ಕೆ ಇದರ ಪ್ರಯೋಜನವಾಗದಿರಲೆಂದು ಟಿಪ್ಪು ಸುಲ್ತಾನನು ಏರಿಯನ್ನು ಒಡೆಸಿದನು. ಒಡೆದ ಏರಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಅನಂತರದವರು. ರಾಜ್ಯಗಳು ಕೆರೆಯನ್ನು ಕಟ್ಟಿದುವು, ಒಡೆದುವು. ಅದನ್ನು ನೆಚ್ಚಿದ ಊರುಗಳು ಮಾತ್ರ ಎಲ್ಲವನ್ನೂ ಸಹಿಸಿಕೊಂಡು ಬಾಳಿದುವು.

ಇಂದು ಸಣ್ಣ ಹಳ್ಳಿಯಾಗಿ ಕಾಣುವ ತೊಣ್ಣೂರು ಹೊಯ್ಸಳರ ಕಾಲದಲ್ಲಿ ಮಹಾನಗರ. ದೋರಸಮುದ್ರವು ದೆಹಲಿಯ ಸೈನ್ಯದಿಂದ ಹಾಳಾದ ಮೇಲೆ ಮೂರನೆಯ ಬಲ್ಲಾಳನು ಕೆಲಕಾಲ ಇಲ್ಲಿಯೇ ನೆಲೆಸಿದ್ದನು. ಹನ್ನೆರಡನೆಯ ಶತಮಾನದ ನಂಬಿನಾರಾಯಣನ ಗುಡಿ, ಗೋಪಾಲಕೃಷ್ಣನ ಗುಡಿ, ಗುಡ್ಡದ ಮೇಲಣ ಯೋಗಾನರಸಿಂಹನ ಸನ್ನಿಧಿ, ಅಲ್ಲೇ ಸ್ವಲ್ಪ ದೂರದಲ್ಲಿ ಒಂದು ದರ್ಗಾ, ಇವೆಲ್ಲವೂ ಒಂದು ಸಂಜೆಯ ತಿರುಗಾಟದೊಳಗೆ ದೊರೆಯುತ್ತವೆ. ಬೇಲೂರು ಹಳೇಬೀಡುಗಳ ಸೂಕ್ಷ್ಮವಾದ ಕೆತ್ತನೆಯನ್ನು ಬಯಸಿ ಬಂದವರಿಗೆ ಈ ಗುಡಿಗಳು ಸರಳವೆನಿಸಬಹುದು. ಆದರೆ ದಿನವಿಡೀ ಬಿಸಿಲಿನಲ್ಲಿ ನಡೆದು ಬಂದವನಿಗೆ, ಆ ವಿಶಾಲವಾದ ಕಲ್ಲಿನ ಮಂಟಪಗಳ ತಣ್ಣೆಳಲಿಗಿಂತ ಹಿರಿದಾದ ಶಿಲ್ಪ ಬೇಕೆನಿಸುವುದಿಲ್ಲ. ರಾತ್ರಿ ಊರಿನ ಪರಿಚಿತರೊಬ್ಬರ ಮನೆಯ ಜಗಲಿಯ ಮೇಲೆ ಮುದ್ದೆಯ ಊಟ, ಕಂಬಳಿ, ನಡುರಾತ್ರಿಯವರೆಗೆ ಮಾತು.

ಎರಡನೆಯ ದಿನದ ಹಾದಿಯಲ್ಲಿ ನೆಲದ ಸ್ವರೂಪವೇ ಬೇರೆ. ಹಸುರು ಹಿಂದೆ ಸರಿದು ಕೆಂಪು ಮಣ್ಣು, ಕರಿಯ ಬಂಡೆ, ಹುಣಸೆ, ಜಾಲಿ, ಈಚಲುಗಳು ಮುಂದೆ ಬರುತ್ತವೆ. ಇದು ಮಳೆಯನ್ನೇ ನಂಬಿದ ಬೆದ್ದಲು. ಕಟಾವಾದ ಹುರುಳಿಯನ್ನು ರೈತರು ದಾರಿಯ ಮೇಲೆಯೇ ಹರವಿರುತ್ತಾರೆ. ಅತ್ತಿತ್ತ ಹೋಗುವ ಗಾಡಿಗಳ ಚಕ್ರಗಳೇ ಅದನ್ನು ಒಕ್ಕುತ್ತವೆ. ಕಿಚ್ಚು ಹಾಯ್ದ ದನಗಳ ಕೋಡಿನ ಬಣ್ಣ ಇನ್ನೂ ಮಾಸಿರುವುದಿಲ್ಲ. ಇದೇ ಸೀಮೆಯಲ್ಲಿ 1771ರಲ್ಲಿ ಹೈದರ್ ಅಲಿಯು ಮೇಲುಕೋಟೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಿಂಜರಿಯುತ್ತಿರುವಾಗ, ತೊಣ್ಣೂರಿನ ಪಶ್ಚಿಮಕ್ಕಿರುವ ಚಿನಕುರಳಿಯ ಬಳಿ ಮರಾಠರಿಂದ ಪರಾಭವಗೊಂಡನು. ಅನಂತರ ಅವರು ಮೇಲುಕೋಟೆಯನ್ನು ಸೂರೆಗೊಂಡು, ಕಬ್ಬಿಣದ ಆಸೆಯಿಂದ ದೇವರ ಮಹಾರಥಗಳಿಗೆ ಬೆಂಕಿಯಿಟ್ಟರು. ಉರಿಯು ಕಟ್ಟಡಗಳಿಗೂ ಹಬ್ಬಿತು. ಊರಿನ ಜನ ಕಾಡಿನ ಪಾಲಾದರು.

ಮಧ್ಯಾಹ್ನದ ಹೊತ್ತಿಗೆ ಜಕ್ಕನಹಳ್ಳಿಯ ಕೂಡುರಸ್ತೆ. ಮೊಣಕಾಲಿನ ನೋವಿನಿಂದ ಈಚೆಗೆ ನಡೆಯಲಾರದೆ ಹೋದ ನಮ್ಮ ಮೇಷ್ಟರು ಮಂಡ್ಯದಿಂದ ಬಸ್ಸಿನಲ್ಲಿ ಬಂದು, ಎಲ್ಲರಿಗೂ ಮೊಸರನ್ನದ ಬುತ್ತಿ ತಂದು ಇಲ್ಲಿ ಕಾದಿರುತ್ತಾರೆ. “ಮೇಷ್ಟ್ರೇ, ಮುಂದಿನ ವರ್ಷ ಅರ್ಧ ದಾರಿಯಾದರೂ ಬರಬೇಕು” ಎಂದು ನಾವೆನ್ನುತ್ತೇವೆ. “ಬರೋಣಂತೆ, ಮೊದಲು ಉಣ್ಣಿ” ಎಂದು ಅವರೆನ್ನುತ್ತಾರೆ. ಅವರು ಬಾರದ ನಡಿಗೆಯನ್ನು ನಮ್ಮಲ್ಲಿ ಯಾರೂ ನಡಿಗೆಯೆಂದು ಎಣಿಸರು.

ಮುಂದೆ ಏರು. ತೋಳಗಳ ರಕ್ಷಣೆಗೆಂದು 1974ರಲ್ಲಿ ಮೇಲುಕೋಟೆಯ ಸುತ್ತಣ ಕಾಡನ್ನು ವನ್ಯಧಾಮವೆಂದು ಘೋಷಿಸಿದರು. ಆದುದರಿಂದ ಕಾಲುದಾರಿಗಳನ್ನು ಬಿಟ್ಟು ಕಾಡೊಳಗೆ ನುಗ್ಗದೆ ರಸ್ತೆಯ ಮಗ್ಗುಲಲ್ಲೇ ನಡೆಯುವುದು ಯೋಗ್ಯ. ಬೆಟ್ಟದ ತಲೆಯನ್ನು ಮುಟ್ಟಿದಾಗ ಎದುರಾಗುವುದು ನೀರಿನ ಕೊನೆಯ ವಿಸ್ಮಯ. ನದಿಯಿಲ್ಲ, ನಾಲೆಯಿಲ್ಲ, ಬರಿಯ ಬಂಡೆ. ಆ ಬಂಡೆಯ ಮೇಲೆ ಸುರಿದ ಮಳೆಯನ್ನು ಹರಿದುಹೋಗಗೊಡದೆ ಹಿಡಿದಿಟ್ಟು ಊರೊಂದು ಒಂಬೈನೂರು ವರ್ಷಗಳಿಂದ ಬಾಳಿದೆ. ನೂರೆಂಟು ಕೊಳಗಳಿದ್ದುವೆಂದು ಜನ ಹೇಳುತ್ತಾರೆ. ಅಪೂರ್ಣವಾಗಿ ನಿಂತ ರಾಯಗೋಪುರದ ಉನ್ನತ ಸ್ತಂಭಗಳ ಸಮೀಪದಲ್ಲಿ ಅಕ್ಕತಂಗಿಯರ ಜೋಡಿಕೊಳ; ಪಕ್ಕಪಕ್ಕದಲ್ಲಿದ್ದರೂ ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಇತರ ಬಳಕೆಗೆ ಎಂಬ ಕಟ್ಟಳೆ ಇಲ್ಲಿ ನಡೆದುಬಂದಿದೆ. ಊರಿನ ಹೃದಯದಲ್ಲಿ ಮಂಟಪಗಳ ಸಾಲಿನಿಂದ ಸುತ್ತುವರಿದ ಕಲ್ಯಾಣಿ. ಅದರ ಮೇಲ್ಗಡೆ ಯೋಗಾನರಸಿಂಹನ ಬೆಟ್ಟ.

ರಾಮಾನುಜರು ಹನ್ನೆರಡು ವರ್ಷ ಇಲ್ಲಿದ್ದರೆಂದು ಸಂಪ್ರದಾಯ. ದೇವಾಲಯದ ಬಾಗಿಲಿನಿಂದ ದೂರವಿರಿಸಲ್ಪಟ್ಟಿದ್ದ ಜನರನ್ನು ತಿರುಕುಲದವರೆಂದು ಕರೆದು, ವರ್ಷದಲ್ಲಿ ಕೆಲವು ದಿನಗಳಾದರೂ ಅವರಿಗೆ ಪ್ರವೇಶದ ಹಕ್ಕನ್ನು ಕೊಡಿಸಿದರೆಂಬ ಸ್ಮೃತಿಯನ್ನು ಈ ಊರು ಉಳಿಸಿಕೊಂಡಿದೆ. ಫಾಲ್ಗುಣದ ವೈರಮುಡಿ ಉತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಕವಿ ಪು. ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವರ ಮನೆ ಇಂದು ಸ್ಮಾರಕವಾಗಿದೆ. ಸುರೇಂದ್ರ ಕೌಲಗಿಯವರು ಸ್ಥಾಪಿಸಿದ ಜನಪದ ಸೇವಾ ಟ್ರಸ್ಟಿನ ಮಗ್ಗಗಳಲ್ಲಿ ಖಾದಿಯನ್ನು ನೇಯುತ್ತಾರೆ. ನಡೆದು ಬಂದ ಹಸಿವಿಗೆ ಇಲ್ಲಿಯ ಪುಳಿಯೋಗರೆ, ಸಕ್ಕರೆ ಪೊಂಗಲುಗಳ ರುಚಿಯೂ ಇಮ್ಮಡಿಯಾಗುವುದು.

ಹೋಗಬಯಸುವವರಿಗೆ ಪುಷ್ಯ ಮಾಘಗಳೇ ಪ್ರಶಸ್ತವಾದ ಕಾಲ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಪಾಂಡವಪುರ ನಿಲ್ದಾಣವಿದೆ; ಹಿಂದಿರುಗಲು ಮೇಲುಕೋಟೆಯಿಂದ ಮಂಡ್ಯಕ್ಕೂ ಮೈಸೂರಿಗೂ ಬಸ್ಸುಗಳಿವೆ. ಎರಡನೆಯ ದಿನ ನೆರಳು ವಿರಳವಾದ್ದರಿಂದ ಬೆಳಕು ಹರಿಯುವ ಮುನ್ನ ಹೊರಟು, ಸಾಕಷ್ಟು ನೀರನ್ನು ಜೊತೆಗೊಯ್ಯತಕ್ಕದ್ದು. ಕೆರೆಯ ಆಳ ಮೋಸದ್ದಾದುದರಿಂದ ಈಜುವ ಸಾಹಸ ಬೇಡ; ದಡದಲ್ಲಿ ಬಾಟಲಿ, ಎಲೆ, ಕಾಗದಗಳನ್ನು ಬಿಟ್ಟುಬರುವ ಈಚಿನ ಅಭ್ಯಾಸವಂತೂ ಖಂಡಿತ ಬೇಡ.

ನಾಲೆ, ಕೆರೆ, ಮಳೆ, ಕೊಳ, ಹೀಗೆ ಎರಡೇ ದಿನಗಳ ನಡಿಗೆಯಲ್ಲಿ ನೀರನ್ನು ನೆಚ್ಚಿ ಬಾಳುವ ನಾಲ್ಕು ಬಗೆಗಳನ್ನು ಈ ಸೀಮೆ ನಮಗೆ ತೋರಿಸುತ್ತದೆ. ನಾಲೆ ಸರಕಾರದ್ದು, ಕೆರೆ ಊರಿನದು, ಮಳೆ ದೈವದ್ದು, ಕೊಳ ಭಕ್ತರದ್ದು ಎಂದು ನಾವು ವಿಂಗಡಿಸಿಕೊಂಡಿರಬಹುದು. ಆದರೆ ಹೂಳೆತ್ತುವ ಕೈಗಳಿಲ್ಲದೆ ಇವುಗಳಲ್ಲಿ ಕಟ್ಟಿದ ಯಾವುದೂ ಉಳಿಯದು. ನೀರಡಿಸಿ ನಡೆದು ಬಂದು ಕೊಳವೊಂದನ್ನು ಕಂಡವನು ಅದರ ಪಾವಟಿಗೆಗಳ ಮೇಲೆ ಕಸವನ್ನೆಸೆಯಲಾರನು; ಅದರ ಬೆಲೆಯನ್ನು ಅವನ ಗಂಟಲೇ ಅವನಿಗೆ ಕಲಿಸಿರುತ್ತದೆ. ಶಾಲೆಗಳವರು ತಮ್ಮ ಮಕ್ಕಳನ್ನು, ತಂದೆತಾಯಿಗಳು ತಮ್ಮ ಮನೆಯವರನ್ನು, ಸ್ನೇಹಿತರು ತಮ್ಮ ಸ್ನೇಹಿತರನ್ನು ವರ್ಷಕ್ಕೊಮ್ಮೆಯಾದರೂ ಈ ದಾರಿಯಲ್ಲಿ ನಡೆಸಿಕೊಂಡು ಹೋಗುವಂತಾದರೆ, ಕೆರೆಕೊಳಗಳನ್ನು ಕಾಪಾಡಿರೆಂದು ಬೇರೆಯಾಗಿ ಉಪದೇಶಿಸುವ ಅಗತ್ಯ ಬಹಳ ಮಟ್ಟಿಗೆ ತಪ್ಪುವುದೆಂದು ನನ್ನ ದೃಢವಾದ ನಂಬಿಕೆ.