ಕಾಲು ಲೀಟರ್ ಗಾಳಿಯಲ್ಲಿ, ಉಳಿದದ್ದು ಗೋಡೆಯಲ್ಲಿ

ಆರಿದ್ರಾ ಮಳೆ ಹಿಡಿದು ಪುನರ್ವಸು, ಪುಷ್ಯ ದಾಟುವವರೆಗೆ ಚಿಕ್ಕೋಡಿ ಸೀಮೆಯ ಅಡಿಗೆಮನೆಗಳಲ್ಲಿ ಮೊದಲು ಸುದ್ದಿ ಕೊಡುವುದು ಉಪ್ಪಿನ ಡಬ್ಬಿ. ಹರಳುಪ್ಪು ನೀರೊಡೆಯುತ್ತದೆ. ಪೆಂಟೆ ಬೆಲ್ಲ ಜಿಗುಟಾಗಿ ಕಾಗದಕ್ಕೆ ಅಂಟುತ್ತದೆ. ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ ಮುರಿಯಹೋದರೆ ಸಪ್ಪಳ ಮಾಡದೆ ಬಾಗುತ್ತದೆ. ಇನ್ನೆರಡು ವಾರಕ್ಕೆ ತಿಜೋರಿಯ ಹಿಂಬದಿಯಲ್ಲಿದ್ದ ರೇಷ್ಮೆ ಸೀರೆಗೆ ಮುಗ್ಗು ವಾಸನೆ, ಮಂಚದ ಹಿಂದಿನ ಮೂಲೆಗೆ ಕರಿ ಬೂಷ್ಟು, ಸಣ್ಣ ಮಕ್ಕಳಿಗೆ ರಾತ್ರಿಯೆಲ್ಲ ಕೆಮ್ಮು.

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರು ಮಳೆಯ ಲೆಕ್ಕದಲ್ಲಿ ನಡುಮಧ್ಯದ್ದು. ಪಡುವಣಕ್ಕೆ ಸಹ್ಯಾದ್ರಿಯ ನೆತ್ತಿಯ ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಮೂಡಣಕ್ಕೆ ಅಥಣಿಯ ಕಡೆ 500–600 ಮಿಲಿಮೀಟರ್ ಬಂದರೆ ರೈತರು ಒಳ್ಳೆ ಮಳೆ ಎನ್ನುತ್ತಾರೆ. ನಿಪ್ಪಾಣಿ, ಚಿಕ್ಕೋಡಿಗಳು ಈ ಎರಡರ ನಡುವೆ. ಸುರಿಯುವ ಮಳೆ ಕಡಿಮೆಯಾದರೂ ಜುಲೈ, ಆಗಸ್ಟ್‌ನಲ್ಲಿ ಘಟ್ಟ ಹತ್ತಿ ಬರುವ ಗಾಳಿಯ ತೇವವೇನೂ ಕಡಿಮೆಯಲ್ಲ. ಹಿಂದಿನ ಕಲ್ಲು, ಮಣ್ಣು, ಹಂಚಿನ ಮನೆಗಳು ಆ ತೇವವನ್ನು ಸಂದುಗೊಂದುಗಳಿಂದ ಒಳಗೆ ಬಿಟ್ಟುಕೊಂಡು ಹಾಗೆಯೇ ಹೊರಗೆ ಕಳಿಸುತ್ತಿದ್ದವು. ಸ್ಲ್ಯಾಬ್ ಹಾಕಿ, ಟೈಲ್ಸ್ ಕೂರಿಸಿ, ಅಲ್ಯೂಮಿನಿಯಂ ಕಿಟಕಿ ಜಡಿದ ಈಗಿನ ಮನೆ ಒಳಗಿನ ತೇವವನ್ನು ಒಳಗೇ ಇಟ್ಟುಕೊಳ್ಳುತ್ತದೆ. ಹೀಗಾಗಿಯೇ ಡಿಹ್ಯೂಮಿಡಿಫೈಯರ್ ಎಂಬ ಯಂತ್ರ ನಮ್ಮ ಕಡೆಯ ಮನೆಗಳಿಗೂ ಬರತೊಡಗಿದೆ. ಬರಲಿ. ಆದರೆ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಒಂದು ಲೆಕ್ಕ ಹಾಕೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯಬಲ್ಲದು. ಆ ಹೆಚ್ಚಿನ ಮಿತಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಜಿಟಿಜಿಟಿ ಮಳೆಯ ದಿನ ಕೋಣೆಯ ಆರ್ದ್ರತೆ ಶೇ 90 ಇದ್ದರೆ ಗಾಳಿಯಲ್ಲಿರುವ ಒಟ್ಟು ನೀರು 700 ಗ್ರಾಂ. ಅದನ್ನು ಹಿತವಾದ ಶೇ 55ಕ್ಕೆ ಇಳಿಸಲು ತೆಗೆಯಬೇಕಾದದ್ದು 270 ಗ್ರಾಂ, ಹೆಚ್ಚುಕಡಿಮೆ ಕಾಲು ಲೀಟರ್. ಇಷ್ಟನ್ನು ಮನೆಬಳಕೆಯ ಯಂತ್ರ ಅರ್ಧ ಮುಕ್ಕಾಲು ಗಂಟೆಯಲ್ಲಿ ತೆಗೆದುಬಿಡುತ್ತದೆ.

ಹಾಗಾದರೆ ರಾತ್ರಿ ಹಚ್ಚಿಟ್ಟ ಯಂತ್ರದ ತೊಟ್ಟಿಯಲ್ಲಿ ಬೆಳಗಾಗುವಷ್ಟರಲ್ಲಿ ನಾಲ್ಕು ಲೀಟರ್ ನೀರು ಎಲ್ಲಿಂದ ಬಂತು? ಗಾಳಿ ಒಣಗಿದ ಕೂಡಲೇ ಗಾದಿ, ಕೌದಿ, ಪುಸ್ತಕ, ಕಟ್ಟಿಗೆಯ ಕಪಾಟು, ಗೋಡೆಯ ಗಿಲಾವು ಎಲ್ಲವೂ ತಮ್ಮೊಳಗಿನ ತೇವವನ್ನು ಗಾಳಿಗೆ ಬಿಡತೊಡಗುತ್ತವೆ. ಬಾಗಿಲಿನ ಸಂದಿಯಿಂದ ಹೊರಗಿನ ಹಸಿ ಗಾಳಿಯೂ ನುಗ್ಗುತ್ತಿರುತ್ತದೆ. ಕೋಣೆಯ ಗಾಳಿ ತಾಸಿಗೊಮ್ಮೆ ಪೂರ್ತಿ ಬದಲಾಗುವಷ್ಟು ಸಂದುಗಳಿದ್ದರೆ ದಿನಕ್ಕೆ ಆರೂವರೆ ಲೀಟರ್ ನೀರು ಹೊರಗಿನಿಂದಲೇ ಬಂದು ಸೇರುತ್ತದೆ. ಹಂಚಿನ ಮನೆಯಲ್ಲಿ, ಗೋಡೆಗೂ ಸೂರಿಗೂ ನಡುವೆ ಕೈ ತೂರುವಷ್ಟು ಜಾಗವಿರುವ ತಗಡಿನ ಮನೆಯಲ್ಲಿ ಈ ಯಂತ್ರ ಹಚ್ಚಿದರೆ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಕೂತಂತೆ. ಕರೆಂಟಿನ ಬಿಲ್ಲು ಏರುತ್ತದೆ, ಉಪ್ಪು ನೀರೊಡೆಯುವುದು ನಿಲ್ಲುವುದಿಲ್ಲ. ಅಂಥ ಮನೆಯವರಿಗೆ ಇದನ್ನು ಮಾರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಯಂತ್ರದ ಒಳಗಿನ ಕೆಲಸ ಸರಳ. ತಂಪು ನೀರು ತುಂಬಿದ ಹಿತ್ತಾಳೆ ತಂಬಿಗೆಯ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. 25 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿ ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮುಟ್ಟಿದರೂ ನೀರಿಳಿಸುತ್ತದೆ. ಈ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ಯಂತ್ರದಲ್ಲಿ ಫ್ರಿಜ್‌ನಲ್ಲಿರುವಂಥದೇ ಒಂದು ಕಂಪ್ರೆಸರ್ ಇದ್ದು, ಅದು ಕೊಳವೆಯ ಸುರುಳಿಯೊಂದನ್ನು ಇಬ್ಬನಿ ಬಿಂದುವಿಗಿಂತ ಬಹಳ ಕೆಳಗಿನ ಉಷ್ಣತೆಗೆ ತರುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಆ ಸುರುಳಿಯ ಮೇಲೆ ಹಾಯಿಸುತ್ತದೆ. ನೀರು ಹನಿಯಾಗಿ ತೊಟ್ಟಿಗೆ ಬೀಳುತ್ತದೆ. ತಣ್ಣಗಾದ ಗಾಳಿ ಮುಂದೆ ಬಿಸಿ ಸುರುಳಿಯೊಂದನ್ನು ದಾಟಿ ತುಸು ಬೆಚ್ಚಗಾಗಿಯೇ ಹೊರಬರುತ್ತದೆ.

ಇಲ್ಲಿ ಬಹಳ ಜನ ನಿರಾಶರಾಗುತ್ತಾರೆ. ಏಸಿಯಂತೆ ತಂಪು ಬರುತ್ತದೆಂದು ಕಾದವರಿಗೆ ಬೆಚ್ಚನೆ ಗಾಳಿ ಸಿಗುತ್ತದೆ. ಕಾರಣ, ಆವಿ ನೀರಾಗುವಾಗ ಲೀಟರಿಗೆ ಸುಮಾರು 0.68 ಯೂನಿಟ್‌ನಷ್ಟು ಶಾಖ ಬಿಟ್ಟುಕೊಡುತ್ತದೆ. 300 ವಾಟ್ ಆಸುಪಾಸಿನ ಯಂತ್ರ ಎಂಟು ತಾಸು ನಡೆದು ನಾಲ್ಕು ಲೀಟರ್ ಇಳಿಸಿತೆನ್ನಿ. ಅದು ತಿಂದ ಎರಡೂವರೆ ಯೂನಿಟ್ ಕರೆಂಟೂ ನೀರು ಬಿಟ್ಟ ಎರಡೂ ಮುಕ್ಕಾಲು ಯೂನಿಟ್ ಶಾಖವೂ ಕೋಣೆಯ ಗಾಳಿಗೇ ಸೇರುತ್ತವೆ. ರಾತ್ರಿಯಿಡೀ 650 ವಾಟ್‌ನ ಹೀಟರ್ ಹಚ್ಚಿಟ್ಟಷ್ಟು ಅದು. ಇದು ದೋಷವಲ್ಲ. ಗೋಡೆಯಿಂದ ಆರುವ ನೀರು ಈ ಶಾಖದಲ್ಲಿ ಒಂದಿಷ್ಟನ್ನು ಮರಳಿ ಹೀರಿಕೊಳ್ಳುತ್ತದೆ. ಬೆಚ್ಚಗಿರುವ ಗೋಡೆ ಬೇಗ ಆರುತ್ತದೆ ಕೂಡ.

ತೇವ ಇಳಿಸುವ ಈ ಆಲೋಚನೆ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ಕಾಗದಕ್ಕಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬೇಸಿಗೆಯ ಸೆಕೆಗೆ ಕಾಗದ ತೇವ ಹೀರಿ ಹಿಗ್ಗುತ್ತಿತ್ತು. ಒಂದರ ಮೇಲೊಂದು ಬಣ್ಣ ಒತ್ತುವಾಗ ಗುರುತು ತಪ್ಪಿ ಚಿತ್ರ ಕೆಡುತ್ತಿತ್ತು. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಗಾಳಿಯ ತೇವವನ್ನು ಶೇ 55ರಲ್ಲಿ ಹಿಡಿದಿಡುವ ವ್ಯವಸ್ಥೆ ರೂಪಿಸಿದರು. ಇಂದಿನ ಏಸಿಯ ಮೂಲ ಅದೇ. ವಸ್ತುವಿನ ತೇವ ಅಳೆದು ವ್ಯಾಪಾರ ಮಾಡುವುದು ನಿಪ್ಪಾಣಿಗೂ ಹೊಸದಲ್ಲ. ಅಲ್ಲಿನ ಬೀಡಿ ತಂಬಾಕಿನ ಎಲೆ ನಡುಹಗಲ ಬಿಸಿಲಿನಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಇಬ್ಬನಿ ಬಿದ್ದು ಮೆತ್ತಗಾಗುವ ನಸುಕಿನಲ್ಲಿ ಎತ್ತಿ ಒಟ್ಟಬೇಕು. ಅತಿಯಾದರೆ ಬೂಷ್ಟು. ಎಲೆಯನ್ನು ಅಂಗೈಯಲ್ಲಿ ಹಿಚುಕಿ ಹದ ಹೇಳುವ ಕೈಗಳು ಆ ಪೇಟೆಯಲ್ಲಿವೆ.

ಮನೆಯೊಳಗೆ ನೀರು ತರುವವರು ಯಾರು ಎಂದು ಹುಡುಕಿದರೆ ಮೊದಲು ಸಿಗುವವರು ನಾವೇ. ಒಬ್ಬ ಮನುಷ್ಯ ಉಸಿರು, ಬೆವರುಗಳಲ್ಲಿ ದಿನಕ್ಕೆ ಒಂದು ಲೀಟರ್‌ಗೂ ಹೆಚ್ಚು ನೀರಾವಿ ಬಿಡುತ್ತಾನೆ. ಮಳೆಗಾಲದಲ್ಲಿ ಪಡಸಾಲೆಯ ಹಗ್ಗಕ್ಕೆ ಹರವಿದ ಹಸಿ ಬಟ್ಟೆ ಒಂದೆರಡು ಲೀಟರ್ ಸೇರಿಸುತ್ತದೆ. ಅಡಿಗೆ ಅನಿಲದ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಎಲ್‌ಪಿಜಿ ಉರಿದಾಗ ಅದರ ಹೈಡ್ರೋಜನ್ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ, ಕಿಲೋ ಅನಿಲಕ್ಕೆ ಒಂದೂವರೆ ಕಿಲೋಗೂ ಮೇಲೆ. 14.2 ಕೆ.ಜಿ.ಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡಿಗೆಮನೆಯಲ್ಲಿ ಹುಟ್ಟಿರುತ್ತದೆ. ಅನ್ನ, ಸಾರು ಕುದ್ದ ಆವಿ ಅದರ ಮೇಲೆ. ಒಲೆಯ ಮೇಲೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಈ ಆವಿಯನ್ನು ಹುಟ್ಟಿದಲ್ಲೇ ಹೊರಗೆ ದೂಡುವುದು ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಹೊಸ ಮನೆಯಾದರೆ ಇನ್ನೊಂದು ಮೂಲವಿದೆ. 50 ಕೆ.ಜಿ.ಯ ಸಿಮೆಂಟ್ ಚೀಲಕ್ಕೆ 25 ಲೀಟರ್ ನೀರು ಹಾಕಿದರೆ ಸಿಮೆಂಟು ರಾಸಾಯನಿಕವಾಗಿ ಕಟ್ಟಿಕೊಳ್ಳುವುದು ಹನ್ನೆರಡು ಲೀಟರ್ ಹತ್ತಿರ. ಉಳಿದದ್ದರಲ್ಲಿ ಬಹುಪಾಲು ತಿಂಗಳುಗಟ್ಟಲೆ ನಿಧಾನವಾಗಿ ಆರಬೇಕು. ಕ್ಯೂರಿಂಗ್‌ಗೆಂದು ಹೊಡೆದ ನೀರು ಬೇರೆ. ಅವಸರದಲ್ಲಿ ವಾಸ್ತುಶಾಂತಿ ಮುಗಿಸಿ, ಆರದ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಆ ನೀರು ಬಣ್ಣವನ್ನು ಗುಳ್ಳೆಯೆಬ್ಬಿಸಿ ಹೊರಬರುತ್ತದೆ.

ಹೊಳೆಸಾಲಿನ ಊರುಗಳದು ಎಲ್ಲಕ್ಕಿಂತ ಕಷ್ಟದ ಕತೆ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಈ ಸೀಮೆಯ ದಂಡೆಯ ಮನೆಗಳಿಗೆ ನುಗ್ಗಿತು. ನೆರೆ ಇಳಿಯುತ್ತದೆ, ಗೋಡೆ ಕುಡಿದ ನೀರು ಇಳಿಯುವುದಿಲ್ಲ. ಸುಟ್ಟ ಇಟ್ಟಿಗೆ ತನ್ನ ತೂಕದ ಐದನೇ ಒಂದು ಪಾಲಿನವರೆಗೂ ನೀರು ಹೀರಬಲ್ಲದು. ಹತ್ತು ಅಡಿ ಉದ್ದದ ಒಂಬತ್ತು ಇಂಚಿನ ಗೋಡೆ ಮೂರು ಅಡಿ ಎತ್ತರ ಮುಳುಗಿದ್ದರೆ ಅದರೊಳಗೆ 150 ಲೀಟರ್ ನೀರು ಉಳಿದಿರಬಹುದು. ಒಂದೇ ಗೋಡೆಯಲ್ಲಿ! ಯಂತ್ರದ ಬಲ ಎಷ್ಟೇ ಇರಲಿ, ಆ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ತೆವಳಿ ಮೇಲ್ಮೈಗೆ ಬಂದ ಮೇಲಷ್ಟೇ ಆವಿಯಾದೀತು. ನೆರೆ ಬರುವುದು ಜುಲೈ, ಆಗಸ್ಟ್‌ನಲ್ಲಿ, ಹೊರಗಿನ ಗಾಳಿಯೂ ಹಸಿಯಾಗಿಯೇ ಇರುವಾಗ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ವೈರಿಂಗ್ ನೋಡಿಸಬೇಕು. ಕೆಸರು ತೆಗೆದು, ಉಬ್ಬಿದ ಗಿಲಾವು ಕೆತ್ತಿ, ಗೋಡೆಗೆ ತಾಗಿದ ಸಾಮಾನು ಸರಿಸಿ, ಬಿಸಿಲು ಬಿದ್ದಾಗ ಎಲ್ಲ ತೆರೆದಿಟ್ಟು ಫ್ಯಾನು ಹಚ್ಚಬೇಕು. ಮಲಗುವ ಒಂದು ಕೋಣೆಯನ್ನಾದರೂ ಬೇಗ ಒಣಗಿಸಬೇಕೆಂದರೆ ಆ ಕೋಣೆ ಮುಚ್ಚಿ ಯಂತ್ರವಿಡುವುದು ಉಪಯೋಗಕ್ಕೆ ಬರುತ್ತದೆ. ಇಡೀ ಮನೆ ಆರಿಸುವುದು ಅಕ್ಟೋಬರ್ ನಂತರದ ಒಣ ಗಾಳಿಯೇ.

ಮನೆ ಬೇಗ ಒಣಗಿಸುವ ಈ ಅವಸರಕ್ಕೆ ಅರ್ಥವಿದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಹಸಿ ಮನೆಯಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಎಂದು ಹೇಳಿತು. ಗೋಡೆಯ ಮೈಯಲ್ಲಿ ಆರ್ದ್ರತೆ ಶೇ 80ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬೇರೂರುತ್ತದೆ. ಹಾಸಿಗೆಯ ಧೂಳಿನಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿಗಳು ಗಾಳಿಯಿಂದಲೇ ನೀರು ಹೀರುವ ಜೀವಿಗಳು. ಶೇ 50ಕ್ಕಿಂತ ಕೆಳಗೆ ಅವು ಹೆಚ್ಚು ದಿನ ಉಳಿಯಲಾರವು.

ಕಿಟಕಿ ತೆರೆಯಬೇಕೋ ಮುಚ್ಚಬೇಕೋ? ಮಳೆಗಾಲದ ರಾತ್ರಿ ಹೊರಗೆ 22 ಡಿಗ್ರಿ, ಶೇ 95 ಇದ್ದರೆ ಘನ ಮೀಟರ್ ಗಾಳಿಯಲ್ಲಿ 18 ಗ್ರಾಂಗೂ ಹೆಚ್ಚು ನೀರು. ಒಳಗೆ 27 ಡಿಗ್ರಿ, ಶೇ 75 ಇದ್ದರೆ 19 ಗ್ರಾಂ ಚಿಲ್ಲರೆ. ತೆರೆದು ಸಿಗುವ ಲಾಭ ಅಷ್ಟಕ್ಕಷ್ಟೆ. ಡಿಸೆಂಬರ್ ಮುಂಜಾವಿನಲ್ಲಿ 15 ಡಿಗ್ರಿ, ಶೇ 80ರ ಗಾಳಿ ಮೈಗೆ ಹಸಿಯೆನಿಸಿದರೂ ಅದರಲ್ಲಿರುವುದು ಹತ್ತೇ ಗ್ರಾಂ. ಅದು ಒಳಬಂದು 28 ಡಿಗ್ರಿಗೆ ಬೆಚ್ಚಗಾದರೆ ಆರ್ದ್ರತೆ ಶೇ 40ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಯಿಂದ ಮೇ ತನಕ ನಮ್ಮ ಸೀಮೆಯಲ್ಲಿ ಕಿಟಕಿಯೇ ಪುಕ್ಕಟೆ ಯಂತ್ರ. ಅಥಣಿ, ರಾಯಬಾಗದ ಬೇಸಿಗೆಯಲ್ಲಿ ನೀರಿನ ಕೂಲರ್ ಅಷ್ಟು ತಂಪು ಕೊಡುವುದೂ ಗಾಳಿ ಒಣಗಿರುವುದರಿಂದಲೇ. ಅದೇ ಕೂಲರನ್ನು ಜುಲೈನಲ್ಲಿ ಹಚ್ಚಿದರೆ ಹಸಿಗೆ ಹಸಿ ಸೇರುತ್ತದೆ.

ಯಂತ್ರಕ್ಕಿಂತ ಮೊದಲು ನಾಲ್ಕೈದು ನೂರು ರೂಪಾಯಿಯ ಆರ್ದ್ರತಾಮಾಪಕ ಕೊಳ್ಳಿ. ಅದು ಸರಿಯಿದೆಯೋ ಎಂದು ನೋಡಲು ಅಡಿಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗದಷ್ಟೇ ನೀರು ಸೇರಿಸಿ ಕೆಸರಿನಂತೆ ಕಲಸಿ. ಮಾಪಕದ ಜೊತೆ ಅದನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಶುದ್ಧ ಉಪ್ಪು ತೇವ ಹೀರಿ ಕರಗತೊಡಗುವ ಗಡಿ ಶೇ 75. ಹಸಿ ಉಪ್ಪು ಮುಚ್ಚಿದ ಡಬ್ಬಿಯ ಗಾಳಿಯನ್ನು ಅದೇ ಗಡಿಗೆ ತಂದು ನಿಲ್ಲಿಸುತ್ತದೆ. 80 ತೋರಿಸಿದರೆ ನಿಮ್ಮ ಮಾಪಕ ಐದು ಹೆಚ್ಚು ಹೇಳುತ್ತಿದೆ, ಅಷ್ಟು ಕಳೆದು ಓದಿ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣದ ಬೆರಕೆ ಇರುವುದರಿಂದ ಅದು ಶೇ 75ಕ್ಕೂ ಮೊದಲೇ ನೀರೊಡೆಯುತ್ತದೆ.

ಯಂತ್ರ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ದಿನಕ್ಕೆ 20 ಲೀಟರ್ ಎಂದು ಬರೆದದ್ದು ಸಾಮಾನ್ಯವಾಗಿ 30 ಡಿಗ್ರಿ, ಶೇ 80ರಲ್ಲಿ ಅಳೆದದ್ದು. ಕೋಣೆ ಒಣಗುತ್ತ ಬಂದಂತೆ ಅದು ಅರ್ಧಕ್ಕೆ ಇಳಿಯುತ್ತದೆ. ಕಂಪ್ರೆಸರ್ ಇಲ್ಲದ ಅಗ್ಗದ ಪುಟ್ಟ ಪೆಟ್ಟಿಗೆಗಳು ದಿನಕ್ಕೆ ಅರ್ಧ ಲೀಟರ್ ಕೂಡ ಇಳಿಸುವುದು ಕಷ್ಟ, ಅವು ಕಪಾಟಿಗಷ್ಟೇ ಸಾಕು. ಶೇ 55ಕ್ಕೆ ಹೊಂದಿಸಿ, ಬಾಗಿಲು ಮುಚ್ಚಿ, ಗೋಡೆಯಿಂದ ಒಂದಡಿ ದೂರ ಇಡಿ. ಎರಡು ವಾರಕ್ಕೊಮ್ಮೆ ಜಾಲರಿ ತೊಳೆಯಿರಿ. ತೊಟ್ಟಿಯ ನೀರು ನಿರ್ಮಲವಾಗಿ ಕಂಡರೂ ಅದರಲ್ಲಿ ಸುರುಳಿಯ ಧೂಳು, ಬ್ಯಾಕ್ಟೀರಿಯಾ ಇರುತ್ತವೆ. ಕುಡಿಯಬಾರದು, ಹೂಗಿಡಕ್ಕೆ ಹಾಕಬಹುದು.

ಬೀಜದ ಕಾಳಿಗಾಗಿ ಯಂತ್ರ ಕೊಳ್ಳಬೇಕೇ ಎಂಬ ಪ್ರಶ್ನೆ ರೈತರ ಮನೆಯಲ್ಲಿ ಬಂದೇ ಬರುತ್ತದೆ. ಮಾಗಿಯ ನಂತರ ರಾಶಿ ಮಾಡಿದ ಬಿಳಿಜೋಳ, ಕಡಲೆ ಹಿಂಗಾರಿ ಬಿತ್ತನೆಯವರೆಗೆ ಇಡೀ ಮಳೆಗಾಲ ದಾಟಬೇಕು. ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನಿಗಳು ಬಳಸುವ ಸೂತ್ರ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಕಾಳು ಚೆನ್ನಾಗಿ ಒಣಗಿರುತ್ತದೆ. ಆಗಲೇ ಗಾಳಿಯಾಡದ ಡಬ್ಬಿಗೆ ತುಂಬಿ ಬಾಯಿ ಬಿಗಿದರೆ ಮಳೆಗಾಲದ ತೇವ ಒಳಗೆ ಹೋಗಲು ದಾರಿಯೇ ಇಲ್ಲ. ಉತ್ತರ ಕರ್ನಾಟಕದ ಹಗೇವುಗಳು ನೆಲದಡಿ ಜೋಳವನ್ನು ವರ್ಷಗಟ್ಟಲೆ ಕಾಯ್ದದ್ದು ಹೀಗೆ ಬಾಯಿ ಮುಚ್ಚಿಯೇ. ಒಳಗೆ ಉಳಿದ ಆಮ್ಲಜನಕವನ್ನು ಕಾಳೇ ಉಸಿರಾಡಿ ಮುಗಿಸುತ್ತಿದ್ದುದರಿಂದ ಹುಳಕ್ಕೂ ಅಲ್ಲಿ ಬಾಳ್ವೆಯಿರಲಿಲ್ಲ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಹಾಗಾಗಿ ಕಾಳಿಗೆ ಯಂತ್ರ ಬೇಡ. ಅದಕ್ಕೆಂದು ಕೂಡಿಟ್ಟ ದುಡ್ಡನ್ನು ಮಕ್ಕಳು, ವಯಸ್ಸಾದವರು ಮಲಗುವ ಕೋಣೆಗೆ ಮೀಸಲಿಡಿ.