‘ತೊಂ’ ಎಂದರೆ ಎಷ್ಟನೇ ನಂಬರು?

ಮೃದಂಗ ಕಲಿಯಲು ಕುಳಿತ ಮಗುವಿಗೆ ಗುರುಗಳು ಮೊದಲು ಹೇಳಿಕೊಡುವುದು ‘ತ, ದಿ, ತೊಂ, ನಂ’. ಬಾಯಲ್ಲಿ ಹೇಳಬೇಕು, ಕೈಯಲ್ಲಿ ನುಡಿಸಬೇಕು. ಎಡಗೈ ತೆರೆದು ಬಾರಿಸಿದಾಗ ಹೊಮ್ಮುವ ಗಂಭೀರ ನಾದ ‘ತೊಂ’. ಬಲಭಾಗದ ಅಂಚಿನಲ್ಲಿ ತೋರುಬೆರಳಿನಿಂದ ಎಬ್ಬಿಸುವ ಶ್ರುತಿಬದ್ಧ ನಾದ ‘ನಂ’. ಹೀಗೆ ನಮ್ಮಲ್ಲಿ ಪೆಟ್ಟಿಗೊಂದು ಹೆಸರು. ಆದರೆ ಇಂದು ಎಷ್ಟೋ ಮಕ್ಕಳು ತಾಳ ಕೂಡಿಸುವುದು ಕಂಪ್ಯೂಟರಿನಲ್ಲಿ. ಅದಕ್ಕೆ ಹೆಸರಿನ ಗೊಡವೆ ಇಲ್ಲ. ಗೊತ್ತಿರುವುದು ನಂಬರು ಮಾತ್ರ!

ಏನಿದು ಮಿಡಿ?

ಕೀಬೋರ್ಡು, ಕಂಪ್ಯೂಟರುಗಳು ಪರಸ್ಪರ ‘ಮಾತನಾಡಲು’ 1983ರಲ್ಲಿ ಬಂದ ಏರ್ಪಾಡೇ ‘ಮಿಡಿ’. ಇದರಲ್ಲಿ ಧ್ವನಿ ಇರುವುದಿಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ ಎಂಬ ಸೂಚನೆ ಇರುತ್ತದೆ. ಮನೆಗಳಿಗೆ 0ಯಿಂದ 127ರವರೆಗೆ ನಂಬರು. 1991ರ ‘ಜನರಲ್ ಮಿಡಿ’ ಒಪ್ಪಂದ 10ನೇ ಚಾನೆಲನ್ನು ತಾಳವಾದ್ಯಗಳಿಗೆ ಮೀಸಲಿಟ್ಟು, 35ರಿಂದ 81ರವರೆಗೆ 47 ಸದ್ದುಗಳನ್ನು ಗೊತ್ತುಮಾಡಿತು. 36 ಬೇಸ್ ಡ್ರಮ್, 38 ಸ್ನೇರ್, 49 ಕ್ರ್ಯಾಷ್ ಸಿಂಬಲ್. ಬೋಂಗೋ, ಕೋಂಗಾಗಳಿಗೂ ಅಲ್ಲಿ ಜಾಗವಿದೆ. ಮೃದಂಗ, ತಬಲ, ತಮಟೆಗಳಿಗೆ ಇಲ್ಲ.

ತೊಡಕು ಎಲ್ಲಿ?

ತುಮಕೂರಿನ ಸದಾಶಿವನಗರದ ವಿದ್ಯಾರ್ಥಿನಿಯೊಬ್ಬಳು ಕಾಲೇಜು ವಾರ್ಷಿಕೋತ್ಸವದ ನೃತ್ಯಕ್ಕೆ ತಾಳ ಸಿದ್ಧಪಡಿಸಿದಳು ಎಂದಿಟ್ಟುಕೊಳ್ಳಿ. ತನ್ನಲ್ಲಿರುವ ಮೃದಂಗದ ಧ್ವನಿಗಳಲ್ಲಿ ‘ತೊಂ’ 36ರಲ್ಲೂ ‘ನಂ’ 49ರಲ್ಲೂ ಇವೆ. ಆ ಮಿಡಿ ಫೈಲನ್ನು ಗುಬ್ಬಿಯ ಗೆಳತಿಗೆ ಕಳಿಸುತ್ತಾಳೆ. ಅಲ್ಲಿರುವುದು ಜನರಲ್ ಮಿಡಿ ಧ್ವನಿಗಳು. ‘ನಂ’ ಬರಬೇಕಾದಲ್ಲೆಲ್ಲ ಸಿಂಬಲ್ ಝಣ್ ಎನ್ನುತ್ತದೆ! ಫೈಲು ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಯಾವ ನಂಬರಿಗೆ ಯಾವ ಪೆಟ್ಟು ಎಂಬ ಪಟ್ಟಿ ಮಾತ್ರ ಜೊತೆಗೆ ಹೋಗಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಇದು ಗೊತ್ತಾದರೆ ವಾರಗಳ ಶ್ರಮದ ಗತಿ ಏನು?

ಪರಿಹಾರ ಎರಡು ಹೆಜ್ಜೆಯದು. ಮೊದಲನೆಯದು ಹೆಸರಿಡುವುದು. ರೀಪರ್, ಕ್ಯೂಬೇಸ್ ಮುಂತಾದ ತಂತ್ರಾಂಶಗಳಲ್ಲಿ ಪ್ರತಿ ಮನೆಯ ಮುಂದೆ ನಮಗೆ ಬೇಕಾದ ಹೆಸರು ಬರೆದು, ಆ ಪಟ್ಟಿಯನ್ನು ಪ್ರತ್ಯೇಕ ಫೈಲಾಗಿ ಉಳಿಸಬಹುದು. ಇದರಿಂದ ಸದ್ದು ಬದಲಾಗದು. ಕಣ್ಣಿಗೆ ಗುರುತು ಸಿಗುತ್ತದೆ, ಅಷ್ಟೆ. ಎರಡನೆಯದು ಜೋಡಣೆ. ಕ್ಯೂಬೇಸಿನ ‘ಡ್ರಮ್ ಮ್ಯಾಪ್’ನಲ್ಲಿ ಒಳಬರುವ ನಂಬರು ಬೇರೆ, ಹೊರಹೋಗುವ ನಂಬರು ಬೇರೆ. ಗುಬ್ಬಿಯ ಗೆಳತಿ 49ರ ಸಾಲಿನ ಹೊರನಂಬರನ್ನು 60 ಎಂದು ಮಾಡಿದರೆ, ಸಿಂಬಲ್ ಬದಲು ಬೋಂಗೋ ನುಡಿಯುತ್ತದೆ. ಮೃದಂಗವಲ್ಲದಿದ್ದರೂ ಅಭ್ಯಾಸಕ್ಕೆ ಸಾಕು. ಬರೆದ ತಾಳವನ್ನು ಮುಟ್ಟಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಮನೆಯನ್ನು ಸ್ವರಾಕ್ಷರದಿಂದ ಗುರುತಿಸಿದರೆ ಗೊಂದಲ ತಪ್ಪಿದ್ದಲ್ಲ. 60ನೇ ಮನೆಯನ್ನು ಯಮಾಹಾ ‘ಸಿ3’ ಎಂದರೆ ರೋಲಾಂಡ್ ‘ಸಿ4’ ಎನ್ನುತ್ತದೆ. ಆದ್ದರಿಂದ ಪಟ್ಟಿಯಲ್ಲಿ ನಂಬರು ಇರಲೇಬೇಕು.

ಹೆಸರು ನಮ್ಮದಾಗಲಿ

ಹೆಸರಿಡುವಾಗ ‘ಕಿಕ್’, ‘ಸ್ನೇರ್’ ಎಂದೇ ಬರೆಯಬೇಕೆಂಬ ಕಟ್ಟಳೆ ಇಲ್ಲ. ಮೃದಂಗಕ್ಕೆ ಅದರ ಜತಿ ಅಕ್ಷರಗಳೇ ಇವೆ. ಡೊಳ್ಳಿಗೆ ‘ಕೋಲುಪೆಟ್ಟು’, ‘ಕೈಪೆಟ್ಟು’. ತಮಟೆಗೆ ‘ದಪ್ಪ ಕೋಲು’, ‘ತೆಳು ಕೋಲು’ ಎನ್ನಬಹುದು. ಹೀಗೆ ಹೆಸರಿಸಲು ಹೊರಟ ಹುಡುಗ ಆ ವಾದ್ಯದಲ್ಲಿ ಎಷ್ಟು ಬಗೆಯ ಪೆಟ್ಟುಗಳಿವೆ ಎಂದು ಕಿವಿಗೊಟ್ಟು ಕೇಳಲೇಬೇಕಾಗುತ್ತದೆ, ಬಲ್ಲವರನ್ನು ವಿಚಾರಿಸಬೇಕಾಗುತ್ತದೆ. ಯಂತ್ರ ತಾನಾಗಿ ಕೊಡದ ಪಾಠ ಅದು. ಗುರುವಿನಿಂದ ಗುರುವಿಗೆ ಅಕ್ಷರ ಕೊಂಚ ಬೇರೆಯಾಗಬಹುದು. ಹಾಗಾಗಿ ಹೆಸರಿನ ಪಕ್ಕದಲ್ಲಿ ‘ಎಡಗೈ, ತೆರೆದ ಪೆಟ್ಟು’ ಎಂಬಂತೆ ಒಂದು ವಿವರಣೆಯೂ ಇರಲಿ.

ಪಾಲಕರಿಗೊಂದು ಮಾತು: ಇದಕ್ಕೆ ದುಬಾರಿ ಸಲಕರಣೆ ಕೊಡಿಸಬೇಕೆಂದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಮೌಸ್ ಹಿಡಿದೇ ಶುರುಮಾಡಬಹುದು. ಜೊತೆಗೆ ಒಂದು ನೋಟುಪುಸ್ತಕ ಕೊಡಿಸಿ. ನಂಬರು, ಹೆಸರು, ಪೆಟ್ಟಿನ ವಿವರ ಎಂದು ಮೂರು ಕಲಂ ಎಳೆದು ಬರೆದಿಟ್ಟರೆ, ನಾಳೆ ಕಂಪ್ಯೂಟರು ಬದಲಾದರೂ ಮಗುವಿನ ತಾಳ ತಪ್ಪದು.