ಹಂಪಸಾಗರ ಪರಿಸರದ ಸಣ್ಣ ಲಾರಿ ಉದ್ಯಮ: ಚಾಲಕರ ನೇಮಕ, ವೇತನ ಮತ್ತು ವರ್ಗೀಕರಣ

ಹಿನ್ನೆಲೆ

ತುಂಗಭದ್ರಾ ಜಲಾಶಯದ ಹಿನ್ನೀರಿನ ಸೆರಗಿನಲ್ಲಿರುವ ಹಂಪಸಾಗರವು ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. ಈ ತಾಲ್ಲೂಕು ಹಾಗೂ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಗಿವೆ. ಈ ಪ್ರದೇಶದ ಲಾರಿ ಸಾಗಣೆಗೆ ಎರಡು ಆಧಾರಗಳಿವೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾಗಳಂತಹ ಕೃಷಿ ಉತ್ಪನ್ನ ಒಂದು. ನೆರೆಯ ಸಂಡೂರಿನ ಕಬ್ಬಿಣದ ಅದಿರು ಮತ್ತೊಂದು. ಮೊದಲನೆಯದು ಸುಗ್ಗಿಯನ್ನು ಅವಲಂಬಿಸಿದ್ದರೆ, ಎರಡನೆಯದು ಮಾರುಕಟ್ಟೆಯ ಬೇಡಿಕೆಯನ್ನೂ ಸರ್ಕಾರ ಹಾಗೂ ನ್ಯಾಯಾಲಯಗಳ ಆದೇಶಗಳನ್ನೂ ಅವಲಂಬಿಸಿದೆ. ಒಂದೆರಡು ಲಾರಿಗಳನ್ನು ಸಾಲ ಮಾಡಿ ಕೊಂಡು ಓಡಿಸುವ ಸಣ್ಣ ಮಾಲೀಕನು ಚಾಲಕನೊಡನೆ ಮಾಡಿಕೊಳ್ಳುವ ಏರ್ಪಾಟಿನ ಸ್ವರೂಪವನ್ನು ಈ ಎರಡು ಬಗೆಯ ಅನಿಶ್ಚಿತತೆಯ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ.

ನೇಮಕದ ಬಗೆ

ಸಣ್ಣ ಮಾಲೀಕನು ಚಾಲಕನಿಗಾಗಿ ಜಾಹೀರಾತು ನೀಡುವುದಿಲ್ಲ; ನೇಮಕಪತ್ರವನ್ನೂ ಬರೆದುಕೊಡುವುದಿಲ್ಲ. ಬಂಧುತ್ವ, ಊರಿನ ಪರಿಚಯ, ಗ್ಯಾರೇಜಿನವರ ಅಥವಾ ಬೇರೊಬ್ಬ ಚಾಲಕನ ಮಾತು ಇವೇ ನೇಮಕದ ದಾರಿಗಳು. ಕ್ಲೀನರ್ ಆಗಿ ಲಾರಿ ಹತ್ತಿದ ಹುಡುಗನು ಕೆಲವು ವರ್ಷಗಳಲ್ಲಿ ಚಾಲನೆ ಕಲಿತು ಸ್ಟಿಯರಿಂಗ್ ಹಿಡಿಯುವುದು ಬಹುಕಾಲ ಈ ವೃತ್ತಿಯ ಶಿಕ್ಷಣಕ್ರಮವಾಗಿತ್ತು. ಖರ್ಚು ಉಳಿಸಲು ಕ್ಲೀನರ್ ಇಲ್ಲದೆಯೇ ಲಾರಿ ಓಡಿಸುವ ರೂಢಿ ಬೆಳೆದಂತೆ ಈ ಕ್ರಮವು ಕ್ಷೀಣಿಸಿದೆ.

ಕಾನೂನು ಮಾಲೀಕನ ಮೇಲೆ ಹೊರಿಸುವ ಮೊದಲ ಹೊಣೆ ಪರವಾನಗಿಯದು. 1988ರ ಮೋಟಾರು ವಾಹನಗಳ ಅಧಿನಿಯಮದ 4ನೆಯ ಕಲಮಿನಂತೆ ಸಾರಿಗೆ ವಾಹನದ ಚಾಲಕನಿಗೆ 20 ವರ್ಷ ತುಂಬಿರಬೇಕು. 5ನೆಯ ಕಲಮಿನಂತೆ ಪರವಾನಗಿ ಇಲ್ಲದವನ ಕೈಗೆ ಮಾಲೀಕನು ವಾಹನ ಕೊಡುವಂತಿಲ್ಲ. ಚಾಲಕನು ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ಕೈಬಿಡಲಾಯಿತು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ವಾಹನ ಪರವಾನಗಿಯುಳ್ಳವರು ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿತು. ಸಣ್ಣ ಗೂಡ್ಸ್ ಗಾಡಿಗಳ ಮಾಲೀಕರಿಗೆ ಇದರಿಂದ ಚಾಲಕರು ದೊರೆಯುವ ವ್ಯಾಪ್ತಿ ಹಿಗ್ಗಿದೆ. ಹತ್ತು ಚಕ್ರದ ಅದಿರು ಲಾರಿಗೆ ಮಾತ್ರ ಅದು ಅನ್ವಯಿಸದು.

ವೇತನದ ಮಾದರಿಗಳು

ರೂಢಿಯಲ್ಲಿರುವ ಸಂದಾಯಕ್ರಮಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ತಿಂಗಳ ಸಂಬಳ ಮತ್ತು ದಿನದ ಬಾಟಾ. ಎರಡನೆಯದು ಟ್ರಿಪ್ಪಿಗೆ ಇಷ್ಟೆಂದು ಗೊತ್ತುಪಡಿಸುವುದು. ಮೂರನೆಯದು ಬಾಡಿಗೆಯಲ್ಲಿ ಡೀಸೆಲ್ ಮತ್ತಿತರ ಖರ್ಚು ಕಳೆದು ಉಳಿದುದರಲ್ಲಿ ಶೇಕಡಾವಾರು ಪಾಲು ನೀಡುವುದು. ಇವುಗಳೊಡನೆ ಮುಂಗಡವೂ ಬೆರೆಯುವುದುಂಟು. ಮನೆಯ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಪಡೆದ ಮುಂಗಡ ತೀರುವವರೆಗೆ ಚಾಲಕನು ಬೇರೆ ಲಾರಿಗೆ ಹೋಗುವುದು ಕಷ್ಟ. ಹೀಗಾಗಿ ಮುಂಗಡವು ಚಾಲಕನಿಗೆ ಆಸರೆಯೂ ಹೌದು, ಮಾಲೀಕನಿಗೆ ಚಾಲಕನನ್ನು ಉಳಿಸಿಕೊಳ್ಳುವ ಉಪಾಯವೂ ಹೌದು.

ಈ ಮಾದರಿಗಳ ನಡುವಿನ ಮುಖ್ಯ ವ್ಯತ್ಯಾಸವು, ಲಾರಿ ನಿಂತಾಗ ನಷ್ಟವನ್ನು ಯಾರು ಹೊರಬೇಕು ಎಂಬುದರಲ್ಲಿದೆ. ರಾಜ್ಯ ಸರ್ಕಾರವು 2010ರ ಜುಲೈನಲ್ಲಿ ರಫ್ತಿಗಾಗಿ ಅದಿರು ಸಾಗಿಸುವುದನ್ನು ನಿಷೇಧಿಸಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಷರತ್ತುಬದ್ಧ ಪುನರಾರಂಭಕ್ಕೆ ಅವಕಾಶ ನೀಡಿದ ತೀರ್ಪು ಬಂದುದು 2013ರ ಏಪ್ರಿಲ್ 18ರಂದು. ಅಂತಹ ಅವಧಿಯಲ್ಲಿ ಸಾಲದ ಕಂತು ಮಾಲೀಕನ ಹೆಗಲ ಮೇಲೆಯೇ ಉಳಿಯುತ್ತದೆ. ಆದರೆ ತಿಂಗಳ ಸಂಬಳದ ಚಾಲಕನಿಗೆ ಕೇಳಲು ಒಂದು ಬಾಕಿಯಾದರೂ ಇರುತ್ತದೆ. ಟ್ರಿಪ್ ಅಥವಾ ಪಾಲಿನ ಲೆಕ್ಕದವನಿಗೆ ಓಡದ ಲಾರಿಯಿಂದ ಕೇಳತಕ್ಕದ್ದೇನೂ ಇರುವುದಿಲ್ಲ.

ವರ್ಗೀಕರಣ: ರೂಢಿಯದು ಮತ್ತು ಕಾನೂನಿನದು

ಮಾಲೀಕರ ಮಾತಿನಲ್ಲಿ ಚಾಲಕರು ‘ಕಾಯಂ ಡ್ರೈವರ್’, ಬದಲಿಯಾಗಿ ಬರುವ ‘ಆಕ್ಟಿಂಗ್ ಡ್ರೈವರ್’, ಪಾಲಿನ ಡ್ರೈವರ್ ಎಂದು ವಿಂಗಡವಾಗುತ್ತಾರೆ. ಕಾನೂನಿನ ವಿಂಗಡಣೆ ಇದಕ್ಕಿಂತ ಭಿನ್ನ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ನೇರವಾಗಿ ಅಥವಾ ಮಧ್ಯವರ್ತಿಯ ಮೂಲಕ, ವೇತನಕ್ಕಾಗಿ ಅಥವಾ ವೇತನವಿಲ್ಲದೆ ಸಾರಿಗೆ ವಾಹನದಲ್ಲಿ ವೃತ್ತಿಪರವಾಗಿ ದುಡಿಯುವವನನ್ನು ಕಾರ್ಮಿಕನೆಂದು ಪರಿಗಣಿಸಿತ್ತು. ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಿತಿಯನ್ನೂ ವಾರದ ವಿಶ್ರಾಂತಿಯನ್ನೂ ಅದು ವಿಧಿಸಿತ್ತು. ಆದರೆ ರಾಜ್ಯ ಸರ್ಕಾರವು ವಿಶೇಷವಾಗಿ ವಿಸ್ತರಿಸಿದ ಹೊರತು, ಐವರು ಅಥವಾ ಹೆಚ್ಚು ಕಾರ್ಮಿಕರಿರುವ ಉದ್ಯಮಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು.

ಈ ಅಂಕಿಯ ಪರಿಣಾಮವು ಗಮನಾರ್ಹವಾದುದು. ಲಾರಿಗೊಬ್ಬ ಚಾಲಕ, ಒಬ್ಬ ಕ್ಲೀನರ್ ಎಂದು ಹಿಡಿದರೆ ಎರಡು ಲಾರಿಗಳ ಮಾಲೀಕನು ಆ ಕಾನೂನಿನ ಹೊರಗಿದ್ದನು. ಮೂರು ಲಾರಿಗಳವನು ಒಳಗೆ ಬರುತ್ತಿದ್ದನು. 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಈ ಅಧಿನಿಯಮದ ಸ್ಥಾನವನ್ನು ಪಡೆದುಕೊಂಡಿತು. ಅದರಲ್ಲಿ ಮೋಟಾರು ಸಾರಿಗೆ ಉದ್ಯಮಕ್ಕೆ ಗೊತ್ತುಪಡಿಸಿದ ಕಾರ್ಮಿಕರ ಸಂಖ್ಯೆ ಹತ್ತು. ಕ್ಲೀನರ್ ಇಲ್ಲದ ಲಾರಿಗಳಾದರೆ ಈ ಸಂಖ್ಯೆ ಮುಟ್ಟಲು ಹತ್ತು ಲಾರಿಗಳು ಬೇಕು. ಲಾರಿಗಳು ಒಂದೇ ಮನೆಯವಾದರೂ ಅಣ್ಣ, ತಮ್ಮ, ಮಡದಿಯರ ಹೆಸರಿನಲ್ಲಿ ಬೇರೆಬೇರೆಯಾಗಿ ನೋಂದಣಿಯಾಗಿದ್ದರೆ ಎಣಿಕೆ ಮತ್ತಷ್ಟು ಜಟಿಲವಾಗುತ್ತದೆ.

ಅಪಘಾತವೆಂಬ ಪರೀಕ್ಷೆ

ಬರಹದಲ್ಲಿ ದಾಖಲಾಗದ ಈ ಸಂಬಂಧದ ಸ್ವರೂಪವನ್ನು ನಿರ್ಣಯಿಸಬೇಕಾದ ಸಂದರ್ಭ ಬರುವುದು ಬಹುಮಟ್ಟಿಗೆ ಅಪಘಾತವಾದಾಗ. ಪಾಲಿನ ಲೆಕ್ಕದಲ್ಲಿ ದುಡಿದವನು ನೌಕರನೇ, ಪಾಲುದಾರನೇ ಎಂಬ ಪ್ರಶ್ನೆ ಆಗ ಏಳುತ್ತದೆ. 1957ರಲ್ಲಿ ವರದಿಯಾದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ತೂಕದ ಲೆಕ್ಕಕ್ಕೆ ಹಣ ಪಡೆಯುತ್ತಿದ್ದ ಉಪ್ಪಿನ ಆಗರದ ದುಡಿಮೆಗಾರರನ್ನೂ, 1974ರಲ್ಲಿ ವರದಿಯಾದ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಬಟ್ಟೆಯ ಎಣಿಕೆಗೆ ಕೂಲಿ ಪಡೆಯುತ್ತಿದ್ದ ದರ್ಜಿಗಳನ್ನೂ ಸರ್ವೋಚ್ಚ ನ್ಯಾಯಾಲಯವು ಉದ್ಯೋಗಿಗಳೆಂದೇ ಎಣಿಸಿತು. ಹಣ ಕೊಡುವ ರೀತಿಯಷ್ಟೇ ನಿರ್ಣಾಯಕವಲ್ಲ, ಕೆಲಸದ ಮೇಲಿನ ಹಿಡಿತವನ್ನು ನೋಡಬೇಕೆಂಬುದು ಈ ತೀರ್ಪುಗಳ ಸಾರ. ಯಾವ ಲೋಡು ಎತ್ತಬೇಕು, ಎಂದು ಹೊರಡಬೇಕು ಎಂಬುದನ್ನು ಮಾಲೀಕನೇ ಹೇಳುವಲ್ಲಿ ‘ಪಾಲು’ ಎಂಬ ಹೆಸರು ಸಂಬಂಧವನ್ನು ಬದಲಿಸದು. ಆಕ್ಟಿಂಗ್ ಡ್ರೈವರನ ವಿಷಯವೂ ಇಂತಹುದೇ. ಸಾಂದರ್ಭಿಕ ದುಡಿಮೆಗಾರರಲ್ಲಿ ಕೆಲವರನ್ನು ಹೊರಗಿಡುತ್ತಿದ್ದ ಪದಗಳನ್ನು ಪರಿಹಾರ ಕಾನೂನಿನಿಂದ 2000ದ ತಿದ್ದುಪಡಿಯು ತೆಗೆದುಹಾಕಿತು.

ಬಂಧುವಿನ ಲಾರಿಯನ್ನು ಸಹಾಯಕ್ಕೆಂದು ಓಡಿಸಿದವನ ಸ್ಥಿತಿ ಬೇರೆ. ಕರ್ನಾಟಕದಿಂದ ಹೋದ ನಿಂಗಮ್ಮ ಪ್ರಕರಣದಲ್ಲಿ (2009) ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಸಂಬಳಕ್ಕೆ ದುಡಿದುದಕ್ಕೆ ಪುರಾವೆಯಿಲ್ಲದ ತಮ್ಮ ಅಥವಾ ಅಳಿಯನ ಕುಟುಂಬಕ್ಕೆ ಇದರಿಂದ ತೊಡಕುಂಟಾಗಬಹುದು.

ವೇತನದ ಪುರಾವೆಯೂ ಅಷ್ಟೇ ಮುಖ್ಯ. ನೌಕರರ ಪರಿಹಾರ ಅಧಿನಿಯಮದಡಿ ಮರಣ ಪರಿಹಾರಕ್ಕೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ಅನುಗುಣವಾದ ಗುಣಕದಿಂದ ಗುಣಿಸಲಾಗುತ್ತಿತ್ತು. ಲೆಕ್ಕಕ್ಕೆ ಹಿಡಿಯುವ ವೇತನದ ಗರಿಷ್ಠ ಮಿತಿಯನ್ನು 2020ರ ಜನವರಿ 3ರಂದು 8,000 ರೂಪಾಯಿಯಿಂದ 15,000ಕ್ಕೆ ಏರಿಸಲಾಯಿತು. 30 ವರ್ಷದವನ ಗುಣಕ 207.98. 15,000 ರೂಪಾಯಿ ವೇತನ ಸಾಬೀತಾದರೆ ಪರಿಹಾರ 15,59,850 ರೂಪಾಯಿ. 8,000 ಮಾತ್ರ ಸಾಬೀತಾದರೆ 8,31,920 ರೂಪಾಯಿ. ಪ್ರಯಾಣ ಭತ್ಯೆ ಹಾಗೂ ಕೆಲಸದ ವಿಶೇಷ ಖರ್ಚಿಗೆ ಕೊಟ್ಟ ಹಣವು ಆ ಅಧಿನಿಯಮದ ವೇತನದ ವ್ಯಾಖ್ಯೆಯಿಂದ ಹೊರಗಿದ್ದುದರಿಂದ, ಸಂಬಳ ಕಡಿಮೆ ತೋರಿಸಿ ಬಾಟಾ ಹೆಚ್ಚಿಸುವ ರೂಢಿಯು ಚಾಲಕನ ಅವಲಂಬಿತರಿಗೆ ಹಾನಿ ಮಾಡುವ ಸಂಭವವಿತ್ತು. ಈ ಅಧಿನಿಯಮದ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ; ವೇತನವನ್ನು ಸಾಬೀತುಪಡಿಸುವ ಅಗತ್ಯ ಮಾತ್ರ ತಪ್ಪಿಲ್ಲ.

ದಾಖಲೆಯಿಂದ ಮಾಲೀಕನಿಗೂ ರಕ್ಷಣೆಯುಂಟು. ಸಂಬಳದ ಚಾಲಕನ ಕುರಿತ ಹೊಣೆಗೆ ವಿಮೆಯಲ್ಲಿ ಪ್ರತ್ಯೇಕ ಕಂತು ಕಟ್ಟುವ ವ್ಯವಸ್ಥೆಯಿದೆ. ವೇದಪ್ರಕಾಶ ಗರ್ಗ್ ಪ್ರಕರಣದಲ್ಲಿ (1997) ಪರಿಹಾರ ಮತ್ತು ಬಡ್ಡಿಯನ್ನು ವಿಮಾ ಕಂಪನಿಯೂ, ವಿಳಂಬದ ದಂಡವನ್ನು ಮಾಲೀಕನೂ ತೆರಬೇಕೆಂದು ತೀರ್ಮಾನವಾಯಿತು.

ಸಮಾರೋಪ

ಸಣ್ಣ ಲಾರಿ ಉದ್ಯಮದಲ್ಲಿ ಚಾಲಕನ ವರ್ಗೀಕರಣವು ನೇಮಕದ ದಿನ ಆಗುವುದಿಲ್ಲ. ಅವನು ಗಾಯಗೊಂಡ ಅಥವಾ ಸತ್ತ ಮೇಲೆ ಆಗುತ್ತದೆ. ಅಷ್ಟರಲ್ಲಿ ಸಾಕ್ಷ್ಯ ಹೇಳಬೇಕಾದವನೇ ಇಲ್ಲವಾಗಿರಬಹುದು. 2024ರಲ್ಲಿ ಕರ್ನಾಟಕವು ಮೋಟಾರು ಸಾರಿಗೆ ಹಾಗೂ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿರುವುದು ಈ ಕೊರತೆಯನ್ನು ತುಂಬುವ ಒಂದು ಯತ್ನ. ಆದರೆ ಕಲ್ಯಾಣ ಯೋಜನೆಯು ಮಾಲೀಕನ ಹೊಣೆಯನ್ನು ದಾಖಲಿಸುವ ಕೆಲಸಕ್ಕೆ ಬದಲಿಯಾಗಲಾರದು. ಚಾಲಕನ ಹೆಸರು, ಪರವಾನಗಿ ಸಂಖ್ಯೆ, ಸೇರಿದ ದಿನ, ಸಂಬಳ, ಬಾಟಾ ಮತ್ತು ಮುಂಗಡಗಳನ್ನು ಬೇರೆಬೇರೆಯಾಗಿ ಬರೆದು ಇಬ್ಬರೂ ರುಜು ಮಾಡಿದ ಒಂದು ಪುಸ್ತಕಕ್ಕೆ ಹೆಚ್ಚಿನ ವೆಚ್ಚವಿಲ್ಲ. ಡೀಸೆಲ್, ಟೈರು, ಬಾಡಿಗೆಗಳ ಲೆಕ್ಕವನ್ನು ತಪ್ಪದೆ ಇಡುವ ಉದ್ಯಮಕ್ಕೆ ಲಾರಿ ನಡೆಸುವವನ ಲೆಕ್ಕವನ್ನೂ ಇಡುವುದು ಅಸಾಧ್ಯವೇನಲ್ಲ.